ಹದಿನೆಂಟರ ಮಗನಿಗೆ ಲೀಗ್ ಟೂ ಕ್ಲಬ್ಬಿನ ಒಪ್ಪಂದ: ಸಹಿಗೆ ಮುನ್ನ ಕೇಳಬೇಕಾದದ್ದು

ಪ್ರಶ್ನೆ: ನಾವು ಶಿವಮೊಗ್ಗ ಕಡೆಯವರು, ಬಹಳ ವರ್ಷದಿಂದ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿದ್ದೇವೆ. ಮಗನಿಗೆ ಮಾರ್ಚಿಗೆ 18 ತುಂಬಿತು. ಲೀಗ್ ಟೂ (ಇಂಗ್ಲೆಂಡಿನ ನಾಲ್ಕನೇ ಹಂತದ ಫುಟ್‌ಬಾಲ್ ಲೀಗ್) ಕ್ಲಬ್ಬೊಂದರ ಅಕಾಡೆಮಿಯಲ್ಲಿ ಎರಡನೇ ವರ್ಷದ ಸ್ಕಾಲರ್ (ತರಬೇತಿ ಆಟಗಾರ), ಸೆಂಟ್ರಲ್ ಮಿಡ್‌ಫೀಲ್ಡರ್. ಪಾಸಿಂಗ್ ಚೆನ್ನಾಗಿದೆ, ಮೈಕಟ್ಟು ಸಾಲದು ಎನ್ನುತ್ತಾರೆ ಕೋಚ್. ಕ್ಲಬ್ ಒಂದು ವರ್ಷದ ವೃತ್ತಿಪರ ಒಪ್ಪಂದ ಕೊಡುತ್ತಿದೆ, ವಾರಕ್ಕೆ 350 ಪೌಂಡ್. ಇನ್ನೊಂದು ವರ್ಷ ಮುಂದುವರಿಸುವ ಹಕ್ಕು ಕ್ಲಬ್ಬಿನದು. ಅದೇ ಹೊತ್ತಿಗೆ ಬಿಸಿನೆಸ್ ಮ್ಯಾನೇಜ್‌ಮೆಂಟ್ ಪದವಿಗೆ ಸೀಟೂ ಸಿಕ್ಕಿದೆ. ಓದು ಬಿಟ್ಟರೆ ಮುಂದೆ ಕೈಲಿ ಏನೂ ಇರದು ಎಂದು ನನ್ನ ಯಜಮಾನರ ಹೆದರಿಕೆ. ಏಜೆಂಟ್ ಎಂದು ಹೇಳಿಕೊಳ್ಳುವವರೊಬ್ಬರು ಎರಡು ವರ್ಷದ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಇಲ್ಲಿ ಆಗದಿದ್ದರೆ ಬೆಂಗಳೂರಿಗೆ ಬಂದು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಆಡಲಿ ಎನ್ನುತ್ತಾನೆ ನನ್ನ ತಮ್ಮ. ಕೆಳ ಲೀಗಿನ ಆಟಗಾರನ ಬದುಕು ನಿಜಕ್ಕೂ ಹೇಗಿರುತ್ತದೆ? ಒಂದು ವರ್ಷಕ್ಕೇ ಬೇಡವೆಂದರೆ ಅವನ ಗತಿಯೇನು?

ಉತ್ತರ: ನಿಮ್ಮ ಮನೆಯ ವಾದವೆಲ್ಲ ಫುಟ್‌ಬಾಲೋ ಪದವಿಯೋ ಎಂಬುದರ ಸುತ್ತ ನಡೆಯುತ್ತಿದೆ. ಅದನ್ನು ಬಿಡಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ, ಕೆಳಗೆ ಹೇಳುತ್ತೇನೆ. ಅವನ ಮುಂದಿನ ಹತ್ತು ವರ್ಷವನ್ನು ತೀರ್ಮಾನಿಸುವುದು ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ಪ್ರಶ್ನೆ. ಆಗಸ್ಟಿನಿಂದ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅವನು ಯಾವ ಮೈದಾನದಲ್ಲಿ, ಯಾರ ವಿರುದ್ಧ ಆಡುತ್ತಿರುತ್ತಾನೆ? ಕ್ಲಬ್ಬಿನವರ ಎದುರು ಕೂತಾಗ ಮೊದಲು ಇದನ್ನು ಕೇಳಿ, ಸಂಬಳದ ಮಾತು ಆಮೇಲೆ ಬರಲಿ.

ಯಾಕೆ ಎನ್ನುವುದಕ್ಕೆ ಅಲ್ಲಿನ ವ್ಯವಸ್ಥೆ ಗೊತ್ತಿರಬೇಕು. ಪ್ರೀಮಿಯರ್ ಲೀಗಿನಲ್ಲಿ 20 ಕ್ಲಬ್, ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ತಲಾ 24. ಒಟ್ಟು 92. ಇದರ ಕೆಳಗೆ ನ್ಯಾಷನಲ್ ಲೀಗ್, ಅದರಡಿ ನ್ಯಾಷನಲ್ ಲೀಗ್ ನಾರ್ತ್ ಮತ್ತು ಸೌತ್, ಆಮೇಲೆ ನಾರ್ದರ್ನ್ ಪ್ರೀಮಿಯರ್, ಸದರ್ನ್, ಇಸ್ತ್ಮಿಯನ್ ಲೀಗುಗಳು. 2012ರಿಂದ ಅಕಾಡೆಮಿಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಲಾಗಿದೆ. ಲೀಗ್ ಟೂ ಕ್ಲಬ್ಬುಗಳ ಬಹುಪಾಲು ಅಕಾಡೆಮಿಗಳು ಮೂರನೇ ದರ್ಜೆಯವು. ಮೂರನೇ ದರ್ಜೆಯವರು 21 ವರ್ಷದೊಳಗಿನವರ ತಂಡ ನಡೆಸಲೇಬೇಕೆಂದಿಲ್ಲ, ಹಣವಿಲ್ಲದೆ ಹೆಚ್ಚಿನವರು ನಡೆಸುವುದೂ ಇಲ್ಲ. ಹೀಗಾಗಿ ನಿಮ್ಮ ಮಗ ಮೇ ತಿಂಗಳವರೆಗೆ ಪ್ರತಿ ವಾರ 18ರೊಳಗಿನವರ ತಂಡದಲ್ಲಿ 90 ನಿಮಿಷ ಆಡುತ್ತಾನೆ. ಜುಲೈನಲ್ಲಿ ವೃತ್ತಿಪರನಾದ ದಿನದಿಂದ ಅವನಿಗೆ ಆಡಲು ತಂಡವೇ ಇರುವುದಿಲ್ಲ. ಮುಖ್ಯ ತಂಡದೊಂದಿಗೆ ವಾರವಿಡೀ ಅಭ್ಯಾಸ, ಶನಿವಾರ ಸ್ಟ್ಯಾಂಡಿನಲ್ಲಿ ಕೂರುವುದು. ಒಂದು ವರ್ಷದ ಒಪ್ಪಂದ ಪಡೆದು ಮರುವರ್ಷ ಹೊರಬೀಳುವ ಹುಡುಗರಲ್ಲಿ ನಾನು ಕಂಡ ಸಾಮಾನ್ಯ ಕಥೆ ಇದೇ: ಅವರು ಆಟದಲ್ಲಿ ಸೋತವರಲ್ಲ, ಆ ವರ್ಷ ಆಡಿಯೇ ಇರುವುದಿಲ್ಲ.

ಬೆಂಚಿನಲ್ಲಿ ಹೆಸರು ಬಂದರೆ ಹಿಗ್ಗಬೇಡಿ. ಪಂದ್ಯದ ದಿನದ ತಂಡದಲ್ಲಿ ಕ್ಲಬ್ ತಾನೇ ಬೆಳೆಸಿದ ಒಬ್ಬನಾದರೂ ಇರಬೇಕೆಂಬ ನಿಯಮ ಪ್ರೀಮಿಯರ್ ಲೀಗಿನ ಕೆಳಗಿನ ಮೂರು ಲೀಗುಗಳನ್ನು ನಡೆಸುವ ಇಎಫ್‌ಎಲ್‌ನಲ್ಲಿದೆ, ಅಕಾಡೆಮಿ ಹುಡುಗನಿಗೆ ಜಾಗ ಸಿಗುವುದು ಹಲವು ಸಲ ಅದಕ್ಕಾಗಿ. ಆಡುವ ನಿಮಿಷಗಳು ಸಿಗುವುದು ಇಎಫ್‌ಎಲ್ ಟ್ರೋಫಿ ಎಂಬ ಕಪ್ ಪಂದ್ಯಾವಳಿಯಲ್ಲಿ. ಶರತ್ಕಾಲದ ಮಂಗಳವಾರ ರಾತ್ರಿಗಳಲ್ಲಿ ಅದರ ಗುಂಪು ಪಂದ್ಯಗಳು ನಡೆಯುತ್ತವೆ, ಮ್ಯಾನೇಜರ್‌ಗಳು ಹುಡುಗರನ್ನು ಇಳಿಸುತ್ತಾರೆ. 2016-17ರಿಂದ ದೊಡ್ಡ ಅಕಾಡೆಮಿಗಳ 21ರೊಳಗಿನ ತಂಡಗಳೂ ಅಲ್ಲಿ ಆಡುವುದರಿಂದ ಸ್ಕೌಟುಗಳು ಬರುತ್ತಾರೆ. ಒಳ್ಳೆಯ ಕಿಟಕಿ ಅದು. ಆದರೆ ಅದರಲ್ಲಿ ಸಿಗುವುದು ಮೂರೋ ನಾಲ್ಕೋ ಪಂದ್ಯ. ಲೀಗ್ ಋತು 46 ಪಂದ್ಯಗಳದ್ದು.

ಉಳಿದ ದಾರಿ ಲೋನ್, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಎರವಲು. ನ್ಯಾಷನಲ್ ಲೀಗ್ ನಾರ್ತ್-ಸೌತ್ ಅಥವಾ ಅದರ ಕೆಳಗಿನ ಮೆಟ್ಟಿಲಿನ ಕ್ಲಬ್ಬಿಗೆ ಹೋಗಿ ದೊಡ್ಡವರ ಫುಟ್‌ಬಾಲ್ ಆಡುವುದು. ಈ ಕ್ಲಬ್ಬುಗಳಿಗೆ ವರ್ಗಾವಣೆಯ ಕಿಟಕಿ (ಆಟಗಾರರು ಕ್ಲಬ್ ಬದಲಿಸುವ ನಿಗದಿತ ಅವಧಿ) ಮುಚ್ಚಿದ ಮೇಲೂ ಲೋನಿಗೆ ಅವಕಾಶವಿದೆ. ಹಲವು ಕಡೆ ಒಂದು ತಿಂಗಳಿನಿಂದ ಶುರುಮಾಡಿ ಮುಂದುವರಿಸುತ್ತಾರೆ. ವಾರದ ಹಗಲು ತನ್ನ ಕ್ಲಬ್ಬಿನಲ್ಲಿ ಅಭ್ಯಾಸ, ಮಂಗಳವಾರ-ಗುರುವಾರ ಸಂಜೆ ಅಲ್ಲಿನ ತಂಡದೊಂದಿಗೆ, ಶನಿವಾರ ಪಂದ್ಯ. ಇಲ್ಲಿ ತಪ್ಪುವುದು ಮೆಟ್ಟಿಲಿನ ಆಯ್ಕೆ. ಹೆಸರಿನ ಆಸೆಗೆ ನ್ಯಾಷನಲ್ ಲೀಗ್ ಕ್ಲಬ್ಬಿಗೇ ಹೋಗಿ ಅಲ್ಲಿಯೂ ಬೆಂಚಿನಲ್ಲಿ ಕೂತರೆ ಮೂರು ತಿಂಗಳು ಹಾಳು. ಎರಡು ಮೆಟ್ಟಿಲು ಕೆಳಗಾದರೂ ಸರಿ, ಪ್ರತಿ ವಾರ ಮೊದಲ ಹನ್ನೊಂದರಲ್ಲಿ ಆಡುವಂತಿರಬೇಕು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿ ಸಂಜೆ ಆಡಲು ಬರುವ ಮೂವತ್ತೆರಡರ ಮಿಡ್‌ಫೀಲ್ಡರ್ ಒಬ್ಬನ ಎದುರು ಜನವರಿಯ ಕೆಸರಿನಲ್ಲಿ ಚೆಂಡು ಉಳಿಸಿಕೊಳ್ಳಲು ಕಲಿತ ಹುಡುಗನನ್ನು ಲೀಗ್ ಟೂ ಮ್ಯಾನೇಜರ್ ನಂಬುತ್ತಾನೆ.

ಮಗನ ಮೈಕಟ್ಟಿನ ಮಾತಿಗೆ ಬರೋಣ. ಲೀಗ್ ಟೂನಲ್ಲಿ ಬಲವಿದ್ದವರಷ್ಟೇ ಉಳಿಯುತ್ತಾರೆ ಎನ್ನುವುದು ಹಳೆಯ ನಂಬಿಕೆ. ಅಲ್ಲಿ ನಿಜವಾಗಿ ಕಡಿಮೆ ಇರುವುದು ಸಮಯ. ಹುಡುಗರ ಪಂದ್ಯದಲ್ಲಿ ಚೆಂಡು ಹಿಡಿದು ತಿರುಗಿ ನೋಡುವಷ್ಟು ಬಿಡುವಿರುತ್ತದೆ, ದೊಡ್ಡವರಲ್ಲಿ ಚೆಂಡು ಕಾಲಿಗೆ ಬರುವ ಮೊದಲೇ ನೋಡಿಕೊಂಡಿರಬೇಕು. ಎರಡನೆಯದಾಗಿ, ಗಾಳಿಯಲ್ಲಿ ಬಂದ ಚೆಂಡನ್ನು ಡಿಫೆಂಡರ್ ತಲೆಯಿಂದ ಹೊಡೆದ ಮೇಲೆ ಅದು ಎಲ್ಲಿ ಬೀಳುತ್ತದೆಂದು ಊಹಿಸಿ ಮೊದಲು ತಲುಪಬೇಕು. ಸೆಕೆಂಡ್ ಬಾಲ್ ಎನ್ನುವ ಇದು ಆ ದರ್ಜೆಯ ಮಿಡ್‌ಫೀಲ್ಡರನ ಅರ್ಧ ಕೆಲಸ, ಮತ್ತು ಇದಕ್ಕೆ ತೂಕಕ್ಕಿಂತ ನಿಂತ ಜಾಗ ಮುಖ್ಯ. ಮೂರನೆಯದು, ಅವನು ಯಾವ ಬಗೆಯ ಮಿಡ್‌ಫೀಲ್ಡರ್ ಎನ್ನುವುದು. ಅಕಾಡೆಮಿಗಳು ಸ್ಟ್ರೈಕರ್‌ ಹಿಂದೆ ಆಡುವ ‘ಹತ್ತನೇ ನಂಬರ್’ ಹುಡುಗರನ್ನು ತುಂಬ ಬೆಳೆಸುತ್ತವೆ. ಲೀಗ್ ಟೂನ ಎಷ್ಟೋ ತಂಡಗಳು 3-5-2 ಅಥವಾ 4-4-2 ವಿನ್ಯಾಸದಲ್ಲಿ ಆಡುವಾಗ ಆ ಜಾಗವೇ ಇರುವುದಿಲ್ಲ. ನಿಮ್ಮ ಮಗ ಹತ್ತಾದರೆ, ಎರಡೂ ಪೆನಾಲ್ಟಿ ಪ್ರದೇಶಗಳ ನಡುವೆ ಓಡುವ ಎಂಟನೇ ನಂಬರಿನ ಕೆಲಸವನ್ನು ಈ ವರ್ಷವೇ ಕಲಿಯಬೇಕು. ಕಾರ್ನರ್, ಫ್ರೀಕಿಕ್ ಚೆನ್ನಾಗಿ ಹಾಕುವವನಾದರೆ ಅದು ತಂಡಕ್ಕೆ ಸೇರಿಸಿಕೊಳ್ಳಲು ಮ್ಯಾನೇಜರ್‌ಗೆ ಸಿಗುವ ದೊಡ್ಡ ಕಾರಣ.

ಹಾಗಂತ ದೇಹ ಬೇಡವೆಂದಲ್ಲ. ಮಿಡ್‌ಫೀಲ್ಡರ್ ಪಂದ್ಯವೊಂದರಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಶನಿವಾರ ಆಡಿ ಮಂಗಳವಾರ ರಾತ್ರಿ ಮತ್ತೆ ಆಡುವ ವಾರಗಳು ಬರುತ್ತವೆ. ವರ್ಷದೊಳಗೆ ಹತ್ತು ಕಿಲೋ ಏರಿಸುತ್ತೇನೆಂದು ಹೊರಟವರು ವೇಗ ಕಳೆದುಕೊಳ್ಳುತ್ತಾರೆ ಇಲ್ಲವೇ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಳ್ಳುತ್ತಾರೆ. ವಾರಕ್ಕೆ ಎರಡು ಸಲ ಕ್ರಮವಾದ ಜಿಮ್, ಹ್ಯಾಮ್‌ಸ್ಟ್ರಿಂಗ್ ಎನ್ನುವ ಆ ಸ್ನಾಯುವಿಗೆ ನಾರ್ಡಿಕ್ ವ್ಯಾಯಾಮ (ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವುದು), ದೇಹದ ತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್. 65 ಕಿಲೋದ ಹುಡುಗನಿಗೆ ದಿನಕ್ಕೆ ನೂರು ಗ್ರಾಂ ಮೀರುತ್ತದೆ. ಸಸ್ಯಾಹಾರಿಗಳಾದರೆ ಅನ್ನ-ಸಾರು-ಮೊಸರಿನಿಂದ ಇಷ್ಟು ಬರುವುದಿಲ್ಲ, ಪನೀರ್, ಸೋಯಾ, ಬೇಳೆಕಾಳು, ಹಾಲಿನ ಪ್ರೋಟೀನ್ ಪುಡಿ ಲೆಕ್ಕ ಹಾಕಿ ಸೇರಿಸಬೇಕು. ಬಿ-12 ಮತ್ತು ಚಳಿಗಾಲದಲ್ಲಿ ವಿಟಮಿನ್ ಡಿ ಪರೀಕ್ಷಿಸಿಕೊಳ್ಳಿ. ಬೆನ್ನಿನ ಕೆಳಭಾಗದಲ್ಲಿ ಒಂದೇ ಬದಿ ಎರಡು ವಾರಕ್ಕೂ ಹೆಚ್ಚು ನೋವಿದ್ದರೆ ಸುಮ್ಮನಿರಬೇಡಿ, ಈ ವಯಸ್ಸಿನಲ್ಲಿ ಬೆನ್ನುಮೂಳೆಯ ಸಣ್ಣ ಬಿರುಕು ಹಾಗೆಯೇ ಶುರುವಾಗುವುದು.

ಇನ್ನೊಂದನ್ನು ಒತ್ತಿ ಹೇಳಬೇಕು. ಊರಿಂದ ತಂದ ಲೇಹ್ಯ, ಶಕ್ತಿವರ್ಧಕ ಪುಡಿ, ಹೆಸರಿಲ್ಲದ ಮಾತ್ರೆ ಯಾವುದನ್ನೂ ಕೊಡಬೇಡಿ. ಡೋಪಿಂಗ್ ನಿಯಮದಲ್ಲಿ ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ, ಅಜ್ಜಿ ಪ್ರೀತಿಯಿಂದ ಕೊಟ್ಟದ್ದೆಂದು ಹೇಳಿ ಪಾರಾಗಲಾಗದು. ‘ಇನ್‌ಫಾರ್ಮ್ಡ್ ಸ್ಪೋರ್ಟ್’ ಗುರುತಿನ, ಬ್ಯಾಚ್ ನಂಬರ್ ಪರೀಕ್ಷೆಯಾದ ಪುಡಿಯನ್ನಷ್ಟೇ ಕ್ಲಬ್ಬಿನ ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ.

ಹಣದ ಲೆಕ್ಕ. ವಾರಕ್ಕೆ 350 ಎಂದರೆ ವರ್ಷಕ್ಕೆ 18,200 ಪೌಂಡ್. 12,570ರವರೆಗೆ ತೆರಿಗೆಯಿಲ್ಲ. ಮಿಕ್ಕ 5,630ಕ್ಕೆ ಶೇ. 20ರಂತೆ 1,126 ತೆರಿಗೆ, ಶೇ. 8ರಂತೆ 450 ನ್ಯಾಷನಲ್ ಇನ್ಶೂರೆನ್ಸ್. ಪಿಂಚಣಿ ಕಡಿತ ಬಿಟ್ಟು ಕೈಗೆ ಬರುವುದು ತಿಂಗಳಿಗೆ 1,385ರ ಆಸುಪಾಸು. ಮನೆಯಲ್ಲೇ ಇದ್ದರೆ ಸಾಕು, ಬಾಡಿಗೆ ಕೊಟ್ಟು ಬದುಕಲು ಸಾಲದು. ಟಿವಿಯಲ್ಲಿ ಕಾಣುವ ಸಂಬಳಗಳಿಗೂ ಇದಕ್ಕೂ ಸಂಬಂಧವಿಲ್ಲ. ಕೆಳ ಲೀಗುಗಳಲ್ಲಿ ಆಟಗಾರರ ಸಂಬಳ ಕ್ಲಬ್ಬಿನ ಆದಾಯಕ್ಕೆ ಕಟ್ಟಿಹಾಕಿದ ನಿಯಮದಡಿ ನಡೆಯುತ್ತದೆ. 2020ರ ಆಗಸ್ಟಿನಲ್ಲಿ ಲೀಗ್ ಟೂನ ಪ್ರತಿ ಕ್ಲಬ್ಬಿನ ಒಟ್ಟು ಸಂಬಳಕ್ಕೆ ವರ್ಷಕ್ಕೆ 15 ಲಕ್ಷ ಪೌಂಡಿನ ಮಿತಿ ತಂದಿದ್ದರು, ಆಟಗಾರರ ಸಂಘ ಪಿಎಫ್‌ಎ ಪ್ರಶ್ನಿಸಿದ ಮೇಲೆ 2021ರ ಫೆಬ್ರವರಿಯಲ್ಲಿ ಅದು ರದ್ದಾಯಿತು.

ಹಾಗಾಗಿ ಮೂಲ ಸಂಬಳವನ್ನು 350ರಿಂದ 400ಕ್ಕೆ ಏರಿಸಲು ಜಗಳವಾಡುವುದಕ್ಕಿಂತ ಕಲಂಗಳ ಬಗ್ಗೆ ಮಾತಾಡಿ. ಕ್ಲಬ್ಬಿನ ಆಯ್ಕೆಯ ಎರಡನೇ ವರ್ಷಕ್ಕೆ ಸಂಬಳ ಎಷ್ಟು ಎನ್ನುವುದು ಅಂಕಿಯಲ್ಲಿ ಬರೆದಿರಬೇಕು, ಇಲ್ಲದಿದ್ದರೆ ಅವನು ಮುಖ್ಯ ತಂಡದಲ್ಲಿ ಮೂವತ್ತು ಪಂದ್ಯ ಆಡಿದರೂ ಅದೇ 350ಕ್ಕೆ ಇನ್ನೊಂದು ವರ್ಷ ಕಟ್ಟಿಹಾಕಬಹುದು. ಹತ್ತು ಪಂದ್ಯಕ್ಕೆ ಇಷ್ಟು, ಇಪ್ಪತ್ತಕ್ಕೆ ಇಷ್ಟು ಎಂದು ಸಂಬಳ ಏರುವ ಕಲಂ ಕೇಳಿ. ಅದರಲ್ಲಿ ‘ಮೊದಲ ಹನ್ನೊಂದರಲ್ಲಿ ಆಡಿದರೆ’ ಎಂದಿದೆಯೋ ಬದಲಿಯಾಗಿ ಇಳಿದರೂ ಲೆಕ್ಕವೋ ನೋಡಿ. ಇಪ್ಪತ್ತೈದನೇ ಪಂದ್ಯಕ್ಕೆ ಒಪ್ಪಂದ ತಾನಾಗಿ ವಿಸ್ತರಿಸುವ ಕಲಮಿನಲ್ಲಿ ಅಪಾಯವಿದೆ, ಇಪ್ಪತ್ತನಾಲ್ಕಕ್ಕೆ ಬಂದು ನಿಂತ ಹುಡುಗನನ್ನು ಹಣವಿಲ್ಲದ ಕ್ಲಬ್ ಕೂರಿಸುವುದುಂಟು. ಸಂಬಳ ಏರುವ ಕಲಂ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿದ್ದರೆ ಈ ಆಸೆ ಹುಟ್ಟುವುದಿಲ್ಲ. ತಂಡ ನ್ಯಾಷನಲ್ ಲೀಗಿಗೆ ಬಿದ್ದರೆ ಸಂಬಳ ಕಡಿತವಿದೆಯೇ? ಲೀಗ್ ಟೂನಿಂದ ವರ್ಷಕ್ಕೆ ಎರಡು ತಂಡ ಬೀಳುತ್ತವೆ. ಗಾಯದ ಕಲಮಿನಲ್ಲಿ ಆಟದಲ್ಲಾದ ಗಾಯಕ್ಕೂ ಹೊರಗಾದದ್ದಕ್ಕೂ ಎಷ್ಟು ಕಾಲ ಪೂರ್ಣ ಸಂಬಳ, ಮಂಡಿಯ ಶಸ್ತ್ರಚಿಕಿತ್ಸೆ ಬೇಕಾದರೆ ಖರ್ಚು ಯಾರದು, ಬೇರೆ ತಜ್ಞರ ಅಭಿಪ್ರಾಯ ಪಡೆಯಬಹುದೇ, ಇವನ್ನೂ ಓದಿಕೊಳ್ಳಿ. ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಒಂಬತ್ತು ತಿಂಗಳು ಹೋಗುವುದು ಸಾಮಾನ್ಯ, ಒಂದು ವರ್ಷದ ಒಪ್ಪಂದದಲ್ಲಿ ಅದು ಇಡೀ ಒಪ್ಪಂದ.

ಕ್ಲಬ್ಬೇ ಕುಸಿಯುವುದೂ ಉಂಟು. ಬ್ಯೂರಿಯನ್ನು 2019ರ ಆಗಸ್ಟ್ 27ರಂದು ಲೀಗಿನಿಂದಲೇ ಹೊರಹಾಕಲಾಯಿತು. ಮ್ಯಾಕಲ್ಸ್‌ಫೀಲ್ಡ್ ಟೌನನ್ನು 2020ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಮುಚ್ಚಿಸಿತು. ಎರಡೂ ಕಡೆ ಆಟಗಾರರಿಗೆ ಅದಕ್ಕೂ ಮೊದಲೇ ಸಂಬಳ ತಡವಾಗುತ್ತಿತ್ತು. ಆದ್ದರಿಂದ ಈಗಿನ ಆಟಗಾರರಿಗೆ ಕಳೆದ ಎರಡು ವರ್ಷದಲ್ಲಿ ಸಂಬಳ ತಡವಾಗಿದೆಯೇ ಎಂದು ಹಿರಿಯ ಸ್ಕಾಲರ್‌ಗಳ ಪೋಷಕರನ್ನು ವಿಚಾರಿಸಿ.

ಏಜೆಂಟ್ ವಿಷಯದಲ್ಲಿ ಈಗ ಸಹಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಪ್ಪಂದವನ್ನು ಕ್ಲಬ್ ಈಗಾಗಲೇ ಮುಂದಿಟ್ಟಿದೆ, ಅದನ್ನು ತರಲು ಅವರು ಏನೂ ಮಾಡಿಲ್ಲ. ಆಟಗಾರನ ಆದಾಯದಲ್ಲಿ ಶೇ. 5 ಎಂದಿಟ್ಟುಕೊಂಡರೂ 910 ಪೌಂಡ್ ಹೋಗುತ್ತದೆ. ಏಜೆಂಟ್‌ಗೆ ಫಿಫಾ ಪರವಾನಗಿ ಮತ್ತು ಇಂಗ್ಲಿಷ್ ಎಫ್‌ಎ (ಅಲ್ಲಿನ ಫುಟ್‌ಬಾಲ್ ಸಂಸ್ಥೆ) ನೋಂದಣಿ ಇರಲೇಬೇಕು, ಎರಡೂ ಪಟ್ಟಿಗಳಲ್ಲಿ ಹೆಸರು ಹುಡುಕಬಹುದು. ಪ್ರಾತಿನಿಧ್ಯದ ಕಾಗದ ಎರಡು ವರ್ಷ ಮೀರುವಂತಿಲ್ಲ. ಅಂದರೆ ಅವರು ಕೇಳುತ್ತಿರುವುದು ನಿಯಮ ಬಿಡುವ ಗರಿಷ್ಠ ಅವಧಿ. ಮಗ 18 ತುಂಬುವ ಮೊದಲೇ ಅವರು ಅವನೊಂದಿಗೆ ಮಾತಾಡಿದ್ದರೆ, ಅಪ್ರಾಪ್ತರೊಂದಿಗೆ ವ್ಯವಹರಿಸಲು ಬೇಕಾದ ಪ್ರತ್ಯೇಕ ಅನುಮತಿ ಮತ್ತು ಪೋಷಕರ ಲಿಖಿತ ಒಪ್ಪಿಗೆ ಇತ್ತೇ ಎಂದು ಕೇಳಿ. ಉತ್ತರ ತೊದಲಿದರೆ ಅಲ್ಲಿಗೇ ಬಿಡಿ. 1907ರಲ್ಲಿ ಹುಟ್ಟಿದ ಪಿಎಫ್‌ಎ ಸಂಘಕ್ಕೆ ಸ್ಕಾಲರ್‌ಗಳೂ ಸದಸ್ಯರಾಗಬಹುದು, ಅಲ್ಲಿ ಒಪ್ಪಂದ ಓದಿ ಹೇಳುವವರಿದ್ದಾರೆ. ದಕ್ಷಿಣ ಏಷ್ಯಾ ಮೂಲದ ಹುಡುಗರನ್ನು ಹಿರಿಯ ಆಟಗಾರರ ಜೊತೆ ಕೂಡಿಸುವ ಏಮ್ಸ್ ಎಂಬ ಯೋಜನೆಯೂ ಅದರದೇ. ಡ್ರೆಸ್ಸಿಂಗ್ ರೂಮಿನಲ್ಲಿ ತನ್ನಂಥವನು ತಾನೊಬ್ಬನೇ ಆಗಿರುವ ಹುಡುಗನಿಗೆ ಅಲ್ಲಿ ಸಿಗುವ ಮಾತು ಮನೆಯಲ್ಲಿ ಸಿಗದು.

ಈಗ ಯಜಮಾನರ ಚಿಂತೆ. ಪದವಿ ಎಂದರೆ ಈ ಸೆಪ್ಟೆಂಬರೇ ಎಂದೇನಿಲ್ಲ. ಪ್ರವೇಶವನ್ನು ಒಂದು ವರ್ಷ ಮುಂದೂಡಲು ವಿಶ್ವವಿದ್ಯಾಲಯವನ್ನು ಕೇಳಬಹುದು. ಪ್ರವೇಶ ವಿಭಾಗಕ್ಕೆ ಕ್ಲಬ್ಬಿನ ಪತ್ರ ಲಗತ್ತಿಸಿ ಇಮೇಲ್ ಕಳಿಸಿ, ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ಸಹಿ ಹಾಕಲಿ. ಒಂದು ವರ್ಷದ ಒಪ್ಪಂದಕ್ಕೂ ಒಂದು ವರ್ಷದ ಮುಂದೂಡಿಕೆಗೂ ತಾಳೆಯಾಗುತ್ತದೆ. ಎರಡನೇ ವರ್ಷವೂ ಆಟ ಮುಂದುವರಿದರೆ ದೂರಶಿಕ್ಷಣದ ಓಪನ್ ಯೂನಿವರ್ಸಿಟಿ ಇದೆ. ಹಾನರ್ಸ್ ಪದವಿಗೆ 360 ಕ್ರೆಡಿಟ್, ವರ್ಷಕ್ಕೆ 60ರಂತೆ ಆರು ವರ್ಷ. ಫುಟ್‌ಬಾಲರ್‌ಗಳಿಗೆ ಹೇಳಿ ಮಾಡಿಸಿದಂಥ ವೇಗ ಅದು, ಮಧ್ಯಾಹ್ನ ಒಂದೆರಡು ಗಂಟೆಗೆ ಅಭ್ಯಾಸ ಮುಗಿದ ಮೇಲೆ ದಿನ ಖಾಲಿ ಇರುತ್ತದೆ. ಆ ಖಾಲಿ ಮಧ್ಯಾಹ್ನಗಳು ವಿಡಿಯೋ ಗೇಮಿಗೂ ಬೆಟ್ಟಿಂಗಿಗೂ ಹೋಗುವುದನ್ನು ತಡೆಯಲಿಕ್ಕಾದರೂ ಒಂದು ಕೋರ್ಸ್ ಇರಲಿ. ಬೆಟ್ಟಿಂಗ್ ಬಗ್ಗೆ ನೇರವಾಗಿ ಹೇಳಿ: ಜಗತ್ತಿನ ಯಾವ ಫುಟ್‌ಬಾಲ್ ಪಂದ್ಯದ ಮೇಲೂ ಅವನು ಹಣ ಕಟ್ಟುವಂತಿಲ್ಲ, ಸ್ನೇಹಿತರಿಗೆ ತಂಡದ ಒಳಸುದ್ದಿ ಕೊಡುವುದೂ ಅಪರಾಧ.

ಒಪ್ಪಂದ ಬಿಟ್ಟು ನೇರ ವಿಶ್ವವಿದ್ಯಾಲಯಕ್ಕೆ ಹೋಗುವುದೂ ಸೋಲಲ್ಲ. ಓದುತ್ತ ಶನಿವಾರ ನಾನ್-ಲೀಗ್ (ಆ 92ರ ಕೆಳಗಿನ) ಕ್ಲಬ್ಬಿನಲ್ಲಿ ಆಡುವವರು ಎಷ್ಟೋ ಜನ. ಲಫ್ಬರೋ ವಿಶ್ವವಿದ್ಯಾಲಯದ ತಂಡವಂತೂ ನಾನ್-ಲೀಗ್ ವ್ಯವಸ್ಥೆಯ ಒಳಗೇ ಆಡುತ್ತದೆ. ನಷ್ಟವೆಂದರೆ ದಿನದಿನದ ವೃತ್ತಿಪರ ತರಬೇತಿ ತಪ್ಪುತ್ತದೆ, ಮರಳಿ ಲೀಗಿಗೆ ಬರುವ ದಾರಿ ಇಕ್ಕಟ್ಟಾಗುತ್ತದೆ. ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್ ತಲೆಯಲ್ಲಿದ್ದರೆ ವೃತ್ತಿಪರ ಸಹಿಗೆ ಮೊದಲೇ ಆ ಕಾಲೇಜಿನ ಅರ್ಹತಾ ವಿಭಾಗವನ್ನು ಕೇಳಬೇಕು, ಸಂಬಳ ಪಡೆದು ಆಡಿದ ಮೇಲೆ ತೊಡಕು ಬರುತ್ತದೆ.

ಒಂದು ವರ್ಷಕ್ಕೆ ಬಿಟ್ಟುಬಿಟ್ಟರೆ? ಮೇ ತಿಂಗಳಲ್ಲಿ ಕ್ಲಬ್ಬುಗಳು ಉಳಿಸಿಕೊಂಡವರ ಪಟ್ಟಿ ಪ್ರಕಟಿಸುತ್ತವೆ, ಜೂನ್ 30ಕ್ಕೆ ಒಪ್ಪಂದ ಮುಗಿಯುತ್ತದೆ. ಕ್ಲಬ್ ಹೊಸ ಒಪ್ಪಂದ ಕೊಡದಿದ್ದರೆ ಹೊಸ ಕ್ಲಬ್ ಹಳೆಯದಕ್ಕೆ ಹಣ ಕೊಡದೆಯೇ ಅವನು ಬೇರೆಡೆ ಹೋಗಬಹುದು. ಕೊಟ್ಟು, ಅವನು ಬೇಡವೆಂದು ಇನ್ನೊಂದು ಲೀಗ್ ಕ್ಲಬ್ಬಿಗೆ ಹೋದರೆ 24 ವರ್ಷದೊಳಗಿನವನಾದ್ದರಿಂದ ಹಳೆಯ ಕ್ಲಬ್ಬಿಗೆ ಪರಿಹಾರ ಸಲ್ಲಬೇಕು. ಬಡ ಕ್ಲಬ್ಬುಗಳು ಇದಕ್ಕೇ ಹಿಂಜರಿಯುತ್ತವೆ. ಪಟ್ಟಿ ಬರುವ ಹೊತ್ತಿಗೆ ಅವನ ಕೈಯಲ್ಲಿ ಎರಡು ಇರಲಿ: ದೊಡ್ಡವರ ಎದುರಿನ ಪಂದ್ಯಗಳಿಂದಲೇ ಆಯ್ದ ನಾಲ್ಕೈದು ನಿಮಿಷದ ವಿಡಿಯೋ, ಮತ್ತು ಲೋನಿನಲ್ಲಿ ಆಡಿಸಿದ ಮ್ಯಾನೇಜರ್‌ನ ಮಾತು. ನಾನ್-ಲೀಗಿನಲ್ಲಿ ಮೊದಲ ಕೆಲಸ ಸಿಗುವುದು ಹೆಚ್ಚಾಗಿ ಆ ಮ್ಯಾನೇಜರ್‌ನ ಫೋನಿನಿಂದ. ಅಲ್ಲಿ ಕೆಲವರಿಗೆ ಒಪ್ಪಂದವೇ ಇರುವುದಿಲ್ಲ, ಏಳು ದಿನದ ನೋಟಿಸಿನಲ್ಲಿ ಬೇರೆ ಕ್ಲಬ್ ಕರೆಯಬಹುದು. ಅಭದ್ರವೂ ಹೌದು, ಮೇಲೆ ಬರಲು ಸಲೀಸೂ ಹೌದು.

ಕೆಳಗೆ ಬಿದ್ದರೆ ಮುಗಿಯಿತು ಎಂಬುದು ಸುಳ್ಳೆನ್ನಲು ಸ್ಯಾಮ್ ಕ್ಲೂಕಸ್ ಸಾಕು. ಲೆಸ್ಟರ್ ಅಕಾಡೆಮಿಯೂ ಆಮೇಲೆ ಲಿಂಕನ್ ಸಿಟಿ ಕ್ಲಬ್ಬೂ ಕೈಬಿಟ್ಟ ಮಿಡ್‌ಫೀಲ್ಡರ್. ಕ್ಲಬ್ಬುಗಳು ಕೈಬಿಟ್ಟ ಹುಡುಗರಿಗಾಗಿ ಸ್ಪೇನಿನಲ್ಲಿ ನಡೆಯುತ್ತಿದ್ದ ಗ್ಲೆನ್ ಹಾಡಲ್ ಅಕಾಡೆಮಿಯಿಂದ ಹೆರೆಫರ್ಡ್‌ಗೆ ಬಂದವರು 2012-13ರಲ್ಲಿ ಲೀಗ್ ಟೂ ಕೆಳಗಿನ ಐದನೇ ದರ್ಜೆಯಲ್ಲಿದ್ದರು. ಮ್ಯಾನ್ಸ್‌ಫೀಲ್ಡ್, ಚೆಸ್ಟರ್‌ಫೀಲ್ಡ್, ಹಲ್ ಸಿಟಿ ಎಂದು ವರ್ಷಕ್ಕೊಂದು ದರ್ಜೆ ಏರಿ 2016-17ರಲ್ಲಿ ಪ್ರೀಮಿಯರ್ ಲೀಗಿನಲ್ಲಿ ಆಡಿದರು. ಆದರೆ ಅಂಥವರು ಅಪರೂಪ. ಸಾಮಾನ್ಯ ಬದುಕು ಓಟಿಸ್ ಖಾನ್ ಅವರದರಂತೆ ಇರುತ್ತದೆ: ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯಲ್ಲಿ ಕಲಿತು, ಯೋವಿಲ್, ಮ್ಯಾನ್ಸ್‌ಫೀಲ್ಡ್, ಟ್ರಾನ್‌ಮಿಯರ್, ವಾಲ್ಸಾಲ್, ಗ್ರಿಮ್ಸ್‌ಬಿ, ಓಲ್ಡಮ್ ಎಂದು ಒಂದೆರಡು ವರ್ಷಕ್ಕೊಂದು ಊರು, ಜೊತೆಗೆ ಪಾಕಿಸ್ತಾನ ರಾಷ್ಟ್ರೀಯ ತಂಡ. ಇದು ಗೌರವದ ವೃತ್ತಿ. ಅದರ ಬೆಲೆ, ಮನೆಯನ್ನು ಮತ್ತೆ ಮತ್ತೆ ಕಿತ್ತು ಹೂಡಬೇಕು, ಪ್ರತಿ ಮೇ ತಿಂಗಳು ಫೋನಿಗೆ ಕಾಯಬೇಕು. ಮೂವತ್ತೈದರ ನಂತರದ್ದು ಮೂವತ್ತೈದಕ್ಕೆ ಶುರುವಾಗುವುದಿಲ್ಲ. ಗ್ಯಾರೆತ್ ಏನ್ಸ್‌ವರ್ತ್ ವೈಕಂಬ್‌ನಲ್ಲಿ ಆಟಗಾರನಾಗಿದ್ದಾಗಲೇ 2012ರಲ್ಲಿ ಮ್ಯಾನೇಜರ್ ಆದರು, 2020ರಲ್ಲಿ ಆ ಕ್ಲಬ್ಬನ್ನು ಚಾಂಪಿಯನ್‌ಶಿಪ್‌ಗೆ ಒಯ್ದರು. ಕೋಚಿಂಗ್ ಪರವಾನಗಿಗಳನ್ನು ಆಡುತ್ತಿರುವಾಗಲೇ, ಇಪ್ಪತ್ತೈದರ ಹೊತ್ತಿಗೆ ಶುರುಮಾಡಿದವರಿಗೆ ಕೆಲಸ ಸಿಗುತ್ತದೆ.

ಕೊನೆಗೆ ನಿಮ್ಮ ತಮ್ಮನ ಸಲಹೆ. ಐಎಸ್‌ಎಲ್ ಕ್ಲಬ್ಬಿನಲ್ಲಿ ಬ್ರಿಟಿಷ್ ಪಾಸ್‌ಪೋರ್ಟಿನವನು ವಿದೇಶಿ ಆಟಗಾರ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅಷ್ಟೇ. ಸೀಮಿತವಾದ ಆ ಜಾಗಗಳನ್ನು ಕ್ಲಬ್ಬುಗಳು ಅನುಭವಿಗಳಿಗೆ ಕೊಡುತ್ತವೆ, ಹತ್ತೊಂಬತ್ತರ ಹುಡುಗನಿಗಲ್ಲ. ಭಾರತಕ್ಕೆ ಆಡಲೂ ಭಾರತದ ಪಾಸ್‌ಪೋರ್ಟೇ ಬೇಕು, ಇಬ್ಬಗೆಯ ಪೌರತ್ವಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಪೋರ್ಟ್ಸ್‌ಮತ್, ರಾದರಮ್, ಆಕ್ಸ್‌ಫರ್ಡ್ ಯುನೈಟೆಡ್‌ಗಳಲ್ಲಿ ಆಡಿ ಬಂದವರು. 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟು ಭಾರತದ ಪಾಸ್‌ಪೋರ್ಟ್ ಪಡೆದಾಗ ಅವರಿಗೆ ಮೂವತ್ತೆರಡು, ಹಿಂದೆ ಇಂಗ್ಲೆಂಡಿನ ಲೀಗುಗಳಲ್ಲಿ ವರ್ಷಗಟ್ಟಲೆ ಆಡಿದ ಅನುಭವವಿತ್ತು. ನಿಮ್ಮ ಮಗನ ಬಳಿ ಈಗಿರುವುದು ಬ್ರಿಟಿಷ್ ಪಾಸ್‌ಪೋರ್ಟಾದರೆ ಅದನ್ನು ಬಿಡುವ ಮಾತನ್ನು ಈ ವಯಸ್ಸಿನಲ್ಲಿ ಆಡಲೇಬೇಡಿ. ಇನ್ನೂ ಭಾರತದ್ದೇ ಇದ್ದರೆ, ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕುವ ಮುನ್ನ ಈ ಲೆಕ್ಕವನ್ನೂ ಅವನ ಜೊತೆ ಕೂತು ಒಮ್ಮೆ ನೋಡಿ.